ಅಣೆಕಟ್ಟೂ ಊರ ಕೆರೆಯೂ

ಚಾಮರಾಜನಗರ ತಾಲ್ಲೂಕಿನ ಚಂದಕವಾಡಿಯ ಸುತ್ತಣ ಸೀಮೆಯು ಮಳೆಯನ್ನು ನೆಚ್ಚಿ ಬದುಕುವ ಬಯಲು. ಬಿಳಿಗಿರಿರಂಗನ ಬೆಟ್ಟದ ಮೇಲೆ ಸುರಿಯುವಷ್ಟು ಮಳೆ ಕೆಳಗಿನ ಹೊಲಗಳಿಗೆ ದೊರೆಯದು. ವರ್ಷಕ್ಕೆ ಸುಮಾರು 700 ಮಿಲಿಮೀಟರು ಮಳೆ. ಅದರಲ್ಲಿ ಹೆಚ್ಚಿನ ಪಾಲು ಮೇ ತಿಂಗಳಿನಲ್ಲೊಮ್ಮೆ, ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಮತ್ತೊಮ್ಮೆ ಬೀಳುತ್ತದೆ. ಇಂಥ ನಾಡಿಗೆ ನೀರೊದಗಿಸುವ ಹೊಣೆಯನ್ನು ಸರ್ಕಾರವು ಬಹುಕಾಲ ದೊಡ್ಡ ಕಾಮಗಾರಿಗಳ ಮೂಲಕವೇ ನಿರ್ವಹಿಸಿತು. ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಗಳು ಆ ಪ್ರಯತ್ನದ ಫಲ. ಅವುಗಳ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು.

ಈಚಿನ ವರ್ಷಗಳಲ್ಲಿ ಕಬಿನಿಯ ನೀರನ್ನು ಯಂತ್ರಗಳಿಂದ ಮೇಲೆತ್ತಿ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಇಲ್ಲೊಂದು ಸ್ವಾರಸ್ಯವಿದೆ. ಯಂತ್ರ ಎಷ್ಟೇ ದೊಡ್ಡದಿರಲಿ, ನೀರು ಕಡೆಗೆ ಬಂದು ನಿಲ್ಲುವುದು ಹಿಂದಿನವರು ಕಟ್ಟಿದ ಊರ ಕೆರೆಯಲ್ಲಿಯೇ! ಆ ಕೆರೆಯಲ್ಲಿ ಹೂಳು ತುಂಬಿ, ತೂಬು ಮುರಿದಿದ್ದರೆ, ಅಷ್ಟು ವಿದ್ಯುತ್ತನ್ನು ವ್ಯಯಿಸಿ ತಂದ ನೀರು ನಿಲ್ಲುವುದಾದರೂ ಎಲ್ಲಿ?

ಮನೆಯ ಮಾಡಿನ ಲೆಕ್ಕವನ್ನೂ ನೋಡಬಹುದು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು ನೀರಾಗುತ್ತದೆ. 100 ಚದರ ಮೀಟರಿನ ಮಾಡಿನ ಮೇಲೆ ವರ್ಷಕ್ಕೆ 70,000 ಲೀಟರು ಬೀಳುತ್ತದೆ. ಐದರಲ್ಲೊಂದು ಪಾಲು ಪೋಲಾದರೂ 56,000 ಲೀಟರು ಉಳಿಯುವುದು. 2019ರಲ್ಲಿ ಆರಂಭವಾದ ಜಲ ಜೀವನ್ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರು ನೀರನ್ನು ಗೊತ್ತುಪಡಿಸಿದೆ. ಆ ಪ್ರಕಾರ ಐದು ಜನರ ಕುಟುಂಬಕ್ಕೆ ಈ ನೀರು ಇನ್ನೂರು ದಿನಗಳಿಗೆ ಸಾಕಾಗುವಷ್ಟು! ಮಳೆ ಎರಡು ಕಂತಿನಲ್ಲಿ ಬರುವುದರಿಂದ ತೊಟ್ಟಿಯೂ ಅಷ್ಟು ದೊಡ್ಡದಿರಬೇಕಾಗಿಲ್ಲ.

ಸತತವಾಗಿ ಎರಡು ವರ್ಷ ಮಳೆ ಕೈಕೊಟ್ಟರೆ ತೊಟ್ಟಿಯೂ ಕೆರೆಯೂ ಬರಿದಾಗುವುದು ನಿಜ. ಆಗ ದೂರದ ನದಿಯೇ ಗತಿ. ಆದರೆ ಕೊಳವೆ ಒಡೆದ ದಿನ, ವಿದ್ಯುತ್ತು ನಿಂತ ದಿನ, ಊರಿನಲ್ಲಿಯೇ ಇರುವ ನೀರಲ್ಲದೆ ಬೇರೆ ಆಸರೆಯಿಲ್ಲ. ಆದ್ದರಿಂದ ಒಂದಕ್ಕೆ ಹಣವಿತ್ತು ಇನ್ನೊಂದನ್ನು ಮರೆಯುವ ನೀತಿ ಸಲ್ಲದು. 2014ರ ಕೃಷಿಭಾಗ್ಯ ಯೋಜನೆಯು ಕೃಷಿಹೊಂಡಗಳಿಗೆ ಸಹಾಯಧನವಿತ್ತದ್ದು ಒಳ್ಳೆಯ ಹೆಜ್ಜೆ. ಬೆಂಗಳೂರಿನಲ್ಲಿ 2009ರ ಕಾನೂನು ಮಳೆನೀರಿನ ಸಂಗ್ರಹವನ್ನು ಕಡ್ಡಾಯಗೊಳಿಸಿತು. ಹಳ್ಳಿಯ ಹೆಂಚಿನ ಮನೆಗೆ ಕಡ್ಡಾಯಕ್ಕಿಂತ ನೆರವು ಮುಖ್ಯ. ಹೊಸ ಕಾಮಗಾರಿಗೆ ಉದ್ಘಾಟನೆಯ ಸಂಭ್ರಮವುಂಟು, ಹೂಳೆತ್ತುವುದಕ್ಕೆ ಅದಿಲ್ಲ. ಆದುದರಿಂದಲೇ ನೀರೆತ್ತುವ ಯೋಜನೆಯ ಹಣದಲ್ಲಿ ಒಂದು ಪಾಲನ್ನು ಕೆರೆಗಾಗಿಯೇ ತೆಗೆದಿರಿಸಿ ಗ್ರಾಮ ಪಂಚಾಯಿತಿಗೆ ಒಪ್ಪಿಸುವುದು ಯುಕ್ತ. ಮೇ ತಿಂಗಳ ಮಳೆಗೆ ಮುನ್ನ ತೆಗೆದ ಹೂಳು ರೈತರ ಹೊಲಗಳಿಗೆ ಗೊಬ್ಬರವಾಗಿಯೂ ಒದಗುವುದು.