ಮಸೂರದ ಬೆಲೆಯೂ ನಮ್ಮ ದೇಣಿಗೆಯೂ

ಉಚಿತ ನೇತ್ರ ಶಿಬಿರಗಳಿಗೆ ದೇಣಿಗೆ ನೀಡುವುದರಲ್ಲಿ ನಮ್ಮ ವರ್ತಕರು ಹಿಂದೆ ಬಿದ್ದವರಲ್ಲ. ತೆರಿಗೆ ರಿಯಾಯಿತಿಯ ರಸೀದಿಯನ್ನು ಮರೆತವರೂ ಅಲ್ಲ. ಆದರೆ ಪೊರೆಯ ಶಸ್ತ್ರಚಿಕಿತ್ಸೆಯನ್ನು ಬಡವರಿಗೆ ಎಟುಕಿಸಿದ್ದು ದಾನಕ್ಕಿಂತ ಮಿಗಿಲಾಗಿ ತಯಾರಿಕಾ ವೆಚ್ಚದ ಇಳಿಕೆ ಎಂಬುದು ಲೆಕ್ಕಪರಿಶೋಧಕನಾದ ನನ್ನ ಅಭಿಪ್ರಾಯ.

ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ ಮಧುರೈನಲ್ಲಿ 11 ಹಾಸಿಗೆಗಳೊಡನೆ ಆರಂಭಿಸಿದ ಅರವಿಂದ ಕಣ್ಣಾಸ್ಪತ್ರೆಗೆ, ಪೊರೆ ತೆಗೆದ ಬಳಿಕ ಕಣ್ಣೊಳಗೆ ಕೂರಿಸುವ ಆಮದು ಮಸೂರದ ಬೆಲೆಯೇ ದೊಡ್ಡ ಅಡಚಣೆಯಾಗಿತ್ತು. ಒಂದಕ್ಕೆ ಸುಮಾರು 100 ಡಾಲರ್! 1992ರಲ್ಲಿ ಸ್ಥಾಪನೆಯಾದ ಅದರ ತಯಾರಿಕಾ ಘಟಕ ಅರೋಲ್ಯಾಬ್, ಆ ಬೆಲೆಯನ್ನು ಸುಮಾರು 10 ಡಾಲರಿಗೆ ಇಳಿಸಿತು. ಶುಲ್ಕ ತೆರುವವರಿಂದ ಬಂದ ಆದಾಯದಲ್ಲಿ ಉಚಿತ ರೋಗಿಗಳ ವೆಚ್ಚವನ್ನು ಭರಿಸುವ ಅಲ್ಲಿನ ಪದ್ಧತಿಗೂ ಇದೇ ಆಧಾರವಾಯಿತು.

ನಿಖರ ಯಂತ್ರಗಾರಿಕೆ ಬಲ್ಲ ನಮ್ಮ ಸಣ್ಣ ಕೈಗಾರಿಕೋದ್ಯಮಿಗಳು ನೇತ್ರ ಶಸ್ತ್ರಚಿಕಿತ್ಸೆಯ ಉಪಕರಣಗಳತ್ತ ಏಕೆ ನೋಡಬಾರದು? ಶಿಬಿರದ ದೇಣಿಗೆಯಲ್ಲಿ ಒಂದು ಪಾಲನ್ನು ಅಂತಹ ಪ್ರಯೋಗಗಳಿಗೆ ಮೀಸಲಿಡುವ ವಿಷಯವನ್ನು ಸಂಸ್ಥೆಯು ಮುಂದಿನ ಸಭೆಯಲ್ಲಿ ಪರಿಶೀಲಿಸುವುದು ಯುಕ್ತ.