ಸಾವಿರ ಚಿತ್ರಗಳಲ್ಲಿ ಹತ್ತನ್ನು ಆರಿಸುವವರು ಯಾರು?

ಶಿಕಾರಿಪುರದ ಹುಚ್ಚರಾಯಸ್ವಾಮಿಯ ತೇರಾಗಲಿ, ಸೊರಬದ ಸಂತೆಯಾಗಲಿ, ಅಕ್ಕಿ ಗಿರಣಿಯ ಮುಂದೆ ಕೂಲಿ ಹೆಚ್ಚಳಕ್ಕೆ ಕುಳಿತ ಧರಣಿಯಾಗಲಿ, ಇಂದು ಹತ್ತು ಜನರ ಕೈಯಲ್ಲಿ ಹತ್ತು ಮೊಬೈಲುಗಳಿರುತ್ತವೆ. ಸಂಜೆಯ ವೇಳೆಗೆ ಸಾವಿರ ಚಿತ್ರ. ಮುಂದಿನ ವಾರ ಕರಪತ್ರಕ್ಕೆ ಒಂದು ಬೇಕೆಂದರೆ ಮಾತ್ರ ಯಾರ ಬಳಿಯೂ ಸಿಕ್ಕುವುದಿಲ್ಲ. ಸಿಕ್ಕಿದರೂ ಅದು ಹಾರ ಹಾಕಿಸಿಕೊಳ್ಳುತ್ತಿರುವ ಮುಖಂಡನದೇ!

ರೀಲಿನ ಕಾಲದಲ್ಲಿ ಒಂದು ಸುರುಳಿಗೆ 36 ಚಿತ್ರ, ದೊಡ್ಡ ಸುರುಳಿಗೆ 12. ಕಾಸಿನ ಭಯವೇ ಕೈಯನ್ನು ತಡೆಯುತ್ತಿದ್ದುದರಿಂದ ಗುಂಡಿ ಒತ್ತುವ ಮೊದಲೇ ಆಯ್ಕೆ ಮುಗಿದಿರುತ್ತಿತ್ತು. ಈಗ ಒತ್ತುವುದು ಪುಕ್ಕಟೆ. ಆಯ್ಕೆಯ ಶ್ರಮವೆಲ್ಲ ಹಿಂದಕ್ಕೆ ಉಳಿಯಿತು; ಅದನ್ನು ಹೊರುವವರಿಲ್ಲ. ಮೊಬೈಲೇ ಉತ್ತಮವಾದುದನ್ನು ಆರಿಸಿಕೊಡುತ್ತದೆಂದು ಕೆಲವರು ಹೇಳುತ್ತಾರೆ. ಅದು ನೋಡುವುದು ಸ್ಪಷ್ಟತೆಯನ್ನು, ತೆರೆದ ಕಣ್ಣನ್ನು, ನಗುಮುಖವನ್ನು. ಮೂಟೆ ಹೊತ್ತ ಹಮಾಲಿ ನಗುವುದುಂಟೆ?

ಆರಿಸುವುದೆಂದರೆ ಅಧಿಕಾರ ಚಲಾಯಿಸುವುದೇ. 1930ರ ದಶಕದಲ್ಲಿ ಅಮೆರಿಕದ ಸರ್ಕಾರ ಬಡ ರೈತರ ಮತ್ತು ಕೂಲಿಗಳ ಚಿತ್ರಗಳನ್ನು ದೊಡ್ಡ ಪ್ರಮಾಣದಲ್ಲಿ ತೆಗೆಸಿತು. ಆ ವಿಭಾಗದ ಮುಖ್ಯಸ್ಥ ರಾಯ್ ಸ್ಟ್ರೈಕರ್ ತನಗೊಪ್ಪದ ಅನೇಕ ನೆಗೆಟಿವುಗಳಿಗೆ ತೂತು ಹೊಡೆಸಿದನು. ಒಬ್ಬನ ರುಚಿಗೆ ಎಷ್ಟು ಮಂದಿಯ ಮುಖಗಳು ಬಲಿಯಾದವು! 1936ರಲ್ಲಿ ಅದೇ ವಿಭಾಗದ ಡೊರೋಥಿಯ ಲ್ಯಾಂಗ್, ಕ್ಯಾಲಿಫೋರ್ನಿಯದ ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ ಒಬ್ಬ ತಾಯಿಯ ಕೆಲವು ಚಿತ್ರಗಳನ್ನು ತೆಗೆದಳು. ಆರಿಸಿದ ಒಂದು ಲೋಕವನ್ನೆಲ್ಲ ಸುತ್ತಿತು. ಆದರೆ ಆ ತಾಯಿಯ ಹೆಸರನ್ನೇ ಕೇಳಿರಲಿಲ್ಲ. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಜನಕ್ಕೆ ತಿಳಿದದ್ದು 1978ರಲ್ಲಿ, 42 ವರ್ಷಗಳ ಮೇಲೆ.

ನಮ್ಮ ಸೀಮೆಯ ಕಲ್ಲುಕುಟಿಗರು ಈ ವಿಷಯದಲ್ಲಿ ಹೆಚ್ಚು ನ್ಯಾಯವಂತರು. ಬಳ್ಳಿಗಾವೆಯಲ್ಲೂ ಸೊರಬ ತಾಲ್ಲೂಕಿನ ಹಳ್ಳಿಗಳಲ್ಲೂ ನಿಂತ ವೀರಗಲ್ಲುಗಳನ್ನು ನೋಡಿರಿ. ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವುದು, ಮೇಲೆ ಶಿವಸನ್ನಿಧಿ. ಒಂದು ಇಡೀ ಬಾಳಿನಿಂದ ಹೆಚ್ಚಾಗಿ ಮೂರೇ ಚಿತ್ರ. ತುರು ಕಾದು ಸತ್ತವನ ಹೆಸರನ್ನೂ ಊರನ್ನೂ ಎಷ್ಟೋ ಕಲ್ಲುಗಳ ಪಟ್ಟಿಯ ಮೇಲೆ ಕೊರೆದಿದ್ದಾರೆ. ಆದುದರಿಂದಲೇ ರೈಸ್ ಸಾಹೇಬನು 1902ರಲ್ಲಿ ಶಿಕಾರಿಪುರದ, 1904ರಲ್ಲಿ ಸೊರಬದ ಶಾಸನಗಳನ್ನು ಅಚ್ಚು ಹಾಕಿಸಿದಾಗ ಅವರ ಹೆಸರುಗಳೂ ಪುಸ್ತಕಕ್ಕೆ ಬಂದವು. ನಮ್ಮ ಧರಣಿಯ ಚಿತ್ರದಲ್ಲಿರುವವರ ಹೆಸರು ಹತ್ತು ವರ್ಷದ ಮೇಲೆ ಯಾರಿಗೆ ತಿಳಿದೀತು?

ಕೆಲಸ ಕಷ್ಟದ್ದೇನಲ್ಲ. ಅದೇ ವಾರದೊಳಗೆ ಇಬ್ಬರು ಕುಳಿತುಕೊಳ್ಳಲಿ. ಒಬ್ಬನು ಗಿರಣಿಯವನು, ಇನ್ನೊಬ್ಬನು ಅಂಗಡಿಯವನು. ಒಬ್ಬನೇ ಕುಳಿತರೆ ತನ್ನ ಮುಖವಿರುವುದನ್ನೇ ಆರಿಸುವನು. ಮೊದಲ ಸುತ್ತಿನಲ್ಲಿ ಮಸುಕಾದವು ಹೋಗಲಿ. ಒಂದೇ ನೋಟದ ಇಪ್ಪತ್ತು ಚಿತ್ರಗಳಿದ್ದರೆ ಎರಡೆರಡನ್ನು ಪಕ್ಕದಲ್ಲಿಟ್ಟು, ಗೆದ್ದುದನ್ನು ಮುಂದಿನದರೊಡನೆ ಹೋಲಿಸುತ್ತ ಒಂದಕ್ಕೆ ಇಳಿಸಿರಿ. ಆಮೇಲೆ ಒಂದು ರಾತ್ರಿ ಬಿಟ್ಟು, ದೊಡ್ಡ ಪರದೆಯ ಮೇಲೆ ನೋಡಿರಿ. ಕೈಗಳು ಕಾಣುತ್ತವೆಯೆ? ಮೂಟೆ, ತಕ್ಕಡಿ, ಫಲಕದ ಬೇಡಿಕೆ ಕಾಣುತ್ತದೆಯೆ? ಅವಿಲ್ಲದ ಸುಂದರ ಚಿತ್ರ ಕ್ಯಾಲೆಂಡರಿಗೆ ಸಾಕು.

ಸ್ಪಷ್ಟವಾಗಿದ್ದರೂ ಆರಿಸಬಾರದವುಗಳಿವೆ. ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ 1986ರಲ್ಲಿ ಬೆತ್ತಲೆ ಸೇವೆಯನ್ನು ತಡೆಯಲು ಹೋದ ಕಾರ್ಯಕರ್ತರ ಬಟ್ಟೆಯನ್ನೇ ಕಿತ್ತು ಅವಮಾನಿಸಿದರು. ಅಂಥ ಗಳಿಗೆಯ ಚಿತ್ರ ಕೈಗೆ ಬಂದರೆ ಅದು ಪೊಲೀಸರಿಗೆ, ನ್ಯಾಯಾಲಯಕ್ಕೆ. ಗೋಡೆಗಲ್ಲ, ಊರಿನ ಮೊಬೈಲುಗಳಿಗೂ ಅಲ್ಲ.

ಆರಿಸದೆ ಉಳಿದವನ್ನು ಅಳಿಸಲು ಅವಸರಪಡಬೇಡಿರಿ. ಸ್ಟ್ರೈಕರನ ತೂತು ನಮಗೆ ಬೇಡ. ಕೆಲಸದಲ್ಲಿ ಇರಲೇ ಇಲ್ಲವೆಂದು ಮಾಲೀಕನು ವಾದಿಸಿದಾಗ, ಸಂತೆಯ ಜಾಗದಿಂದ ವ್ಯಾಪಾರಿಯನ್ನು ಎಬ್ಬಿಸಲು ಬಂದಾಗ, ಮೂಲೆಯಲ್ಲಿ ಅರ್ಧ ಮುಖ ಕಾಣುವ ಚಿತ್ರವೂ ಸಾಕ್ಷಿಗೆ ನಿಲ್ಲಬಹುದು. ಅದಕ್ಕೆ ಮೂಲ ಪ್ರತಿಯೇ ಬೇಕು. ವಾಟ್ಸಾಪಿನಲ್ಲಿ ಸಾಮಾನ್ಯವಾಗಿ ಕಳಿಸಿದ ಚಿತ್ರ ಕುಗ್ಗುತ್ತದೆ, ತೆಗೆದ ದಿನ ಮತ್ತು ಗಳಿಗೆಯ ಗುರುತೂ ಅಳಿಸಿಹೋಗುತ್ತದೆ.

ಮುಂದಿನ ಧರಣಿಯಿಂದಲೇ ಪ್ರತಿ ಶಾಖೆಯೂ ಹತ್ತು ಚಿತ್ರ ಆರಿಸಿ, ಹೆಸರು, ಊರು, ದಿನಾಂಕ ಬರೆದು, ಮೂಲ ಪ್ರತಿಗಳನ್ನು ಎರಡು ಬೇರೆ ಮನೆಗಳಲ್ಲಿ ಇರಿಸತಕ್ಕದ್ದು. ಹಾರದ ಚಿತ್ರ ಹತ್ತರಲ್ಲಿ ಒಂದಕ್ಕೆ ಮೀರದಿರಲಿ.