ಗಡಿಯಾಚೆಯ ಗಿರಾಕಿಯೂ ನಮ್ಮ ಕನ್ನಡವೂ

ಬೇಸಗೆ ರಜೆಯಲ್ಲಿ ಬಂಧುಗಳ ಮನೆಯ ಮದುವೆಯ ನಿಮಿತ್ತ ನಾವು ಆಂಧ್ರಪ್ರದೇಶದ ಹಿಂದೂಪುರಕ್ಕೆ ಹೋಗಿದ್ದೆವು. ಅಲ್ಲಿಂದ ಕಲ್ಯಾಣದುರ್ಗಕ್ಕೂ ಹೋಗಿ ಬಂದೆವು. ಊರುಗಳು ಹೊಸತಾದರೂ ಅಲ್ಲಿನ ಕನ್ನಡ ಮನೆಗಳ ಪಾಡು ನಮಗೆ ಹೊಸತೆನಿಸಲಿಲ್ಲ. ಅಂಗಡಿಯ ಫಲಕ ತೆಲುಗಿನಲ್ಲಿ, ಕಚೇರಿಯ ಅರ್ಜಿ ತೆಲುಗಿನಲ್ಲಿ, ಒಲೆಯ ಮುಂದಿನ ಮಾತು ಮಾತ್ರ ಕನ್ನಡದಲ್ಲಿ. ತೆಲುಗೆಂಬಲ್ಲಿ ಮಲಯಾಳವೆಂದು ಓದಿಕೊಂಡರೆ ಇದು ಕಾಸರಗೋಡಿನದೇ ಕಥೆ. 1953ರಲ್ಲಿ ಆಂಧ್ರ ರಾಜ್ಯವಾದಾಗ ಅವರು ಗಡಿಯ ಆಚೆ ಉಳಿದರು; 1956ರ ನವೆಂಬರ್ 1ರಂದು ನಾವು ಉಳಿದೆವು.

ಹಿಂದೂಪುರ ಬೆಲ್ಲ, ಹುಣಸೆಹಣ್ಣು, ಒಣಮೆಣಸಿನ ವ್ಯಾಪಾರಕ್ಕೆ ಹೆಸರಾದ ಪೇಟೆ. ಕಲ್ಯಾಣದುರ್ಗವಾದರೋ ಮಳೆ ಕಡಿಮೆಯ ಸೀಮೆ. ನೆಲಗಡಲೆ ಅಲ್ಲಿನ ರೈತರ ಮುಖ್ಯ ಬೆಳೆ. ನಮ್ಮಲ್ಲಿ ಹತ್ತನೆಯ ತರಗತಿಯವರೆಗೆ ಓದಿದ ಹುಡುಗಿಯೊಬ್ಬಳು ಗಂಡನ ಉದ್ಯೋಗದಿಂದಾಗಿ ಅಲ್ಲಿ ನೆಲೆಸಿದ್ದಾಳೆ. ಮನೆಯಲ್ಲೇ ನೆಲಗಡಲೆಯ ಚಟ್ನಿಪುಡಿ, ಚಿಕ್ಕಿ ಮಾಡಿ ಮಾರುತ್ತಾಳೆ. "ಮಾಷ್ಟ್ರೇ, ವಾಟ್ಸಾಪಿನಲ್ಲಿ, ಇನ್‌ಸ್ಟಾಗ್ರಾಮಿನಲ್ಲಿ ದಿನಾ ಹಾಕುತ್ತೇನೆ. ನೋಡುವವರಿದ್ದಾರೆ, ಕೊಳ್ಳುವವರಿಲ್ಲ" ಎಂದು ಮೊಬೈಲನ್ನು ನಮ್ಮ ಕೈಗಿತ್ತಳು.

ನೋಡಿದೆವು. ಎಲ್ಲಿಂದಲೋ ತೆಗೆದುಕೊಂಡ ಬಣ್ಣದ ಚಿತ್ರ, ಅದರಡಿಯಲ್ಲಿ ಇಂಗ್ಲಿಷಿನ ಎರಡು ಸಾಲು, ಕೊನೆಗೆ ಬೆಲೆ ತಿಳಿಯಲು ಸಂದೇಶ ಕಳುಹಿಸಿರೆಂಬ ಸೂಚನೆ. ಕನ್ನಡದ ಒಂದಕ್ಷರವೂ ಇಲ್ಲ. ಕೇಳಿದರೆ, "ಕನ್ನಡದಲ್ಲಿ ಬರೆದರೆ ಇಲ್ಲಿ ಯಾರು ಓದುತ್ತಾರೆ ಮಾಷ್ಟ್ರೇ?" ಎಂದಳು. ಕನ್ನಡದಲ್ಲಿ ತರಗತಿಗೇ ಹೆಚ್ಚು ಅಂಕ ಪಡೆದವಳ ಬಾಯಿಂದ ಬಂದ ಆ ಮಾತೇ ಈ ಬರಹಕ್ಕೆ ಕಾರಣ.

ಬೀದಿಗೆ ತೂಗುಹಾಕುವ ಫಲಕದ ಮಟ್ಟಿಗೆ ಆಕೆಯ ಮಾತು ಸರಿ. ಆದರೆ ಮೊಬೈಲಿನ ಫಲಕ ಬೀದಿಯಲ್ಲಿ ನಿಲ್ಲುವುದಲ್ಲ. ಅವಳ ಬೀದಿಯವರಿಗೆ ಚಟ್ನಿಪುಡಿ ಕೊಳ್ಳುವ ಅಗತ್ಯವೇ ಇಲ್ಲ. ಮನೆಮನೆಯಲ್ಲೂ ಅದನ್ನು ಮಾಡುತ್ತಾರೆ. ಕೊಳ್ಳಬಲ್ಲವರು ಪಾವಗಡ, ಚಳ್ಳಕೆರೆ, ಬಳ್ಳಾರಿಗಳಲ್ಲಿದ್ದಾರೆ. ಹಿಂದೂಪುರದವರಿಗಾದರೆ ಗೌರಿಬಿದನೂರು, ಬೆಂಗಳೂರುಗಳಲ್ಲಿ. ಇವರೆಲ್ಲ ಕನ್ನಡ ಓದುವವರು. ಯಾವ ಗಡಿಯನ್ನು ನಾವು ಇಷ್ಟು ವರ್ಷ ದುಃಖದಿಂದಲೇ ನೋಡಿದೆವೋ, ಆ ಗಡಿಯಾಚೆಗೆ ನಮ್ಮ ಮಾತು ಬಲ್ಲ ಗಿರಾಕಿಗಳು ಇದ್ದಾರೆಂಬುದನ್ನು ನಾವು ಲೆಕ್ಕಕ್ಕೇ ಹಿಡಿದಿಲ್ಲ.

ಜಾಲತಾಣದಲ್ಲಿ ವಸ್ತುವನ್ನು ಹುಡುಕುವವರು ತಮಗೆ ಗೊತ್ತಿರುವ ಹೆಸರಿನಿಂದಲೇ ಹುಡುಕುತ್ತಾರೆ. ನಮಗೆ ನೆಲಗಡಲೆಯಾದದ್ದು ಬೆಂಗಳೂರಿನ ಕಡೆ ಕಡಲೆಕಾಯಿ, ಬಳ್ಳಾರಿಯ ಕಡೆ ಶೇಂಗಾ, ತೆಲುಗಿನಲ್ಲಿ ವೇರುಶನಗ. ಈ ಹೆಸರುಗಳೆಲ್ಲವನ್ನೂ ಚಿತ್ರದಡಿಯಲ್ಲಿ ಬರೆಯಲು ನಾವು ಹೇಳಿದೆವು. ಎರಡು ಮೂರು ಭಾಷೆಗಳ ನಡುವೆ ಬೆಳೆದ ಅಲ್ಪಸಂಖ್ಯಾತರ ಮಕ್ಕಳಿಗೆ ಇದು ಸಲೀಸು. ದೊಡ್ಡ ಪಟ್ಟಣದ ಜಾಹೀರಾತಿನವನಿಗೆ ಇದು ಗೊತ್ತಿರುವುದಿಲ್ಲ. ತೆಲುಗನ್ನಾಗಲಿ ನಮ್ಮಲ್ಲಿ ಮಲಯಾಳವನ್ನಾಗಲಿ ಬಿಡಬೇಕೆಂದು ನಾವು ಹೇಳುತ್ತಿಲ್ಲ. ನೆರೆಮನೆಯವನೂ ಗಿರಾಕಿಯೇ. ಅವನ ಭಾಷೆಯೂ ಇರಲಿ, ನಮ್ಮದೂ ಇರಲಿ.

ಉಳಿದವು ಹಳೆಯ ಅಂಗಡಿ ಧರ್ಮವೇ. ಚಿತ್ರ ನಮ್ಮದೇ ಸರಕಿನದಾಗಿರಬೇಕು. ಬೆಳಗ್ಗೆ ಬಾಗಿಲ ಬೆಳಕಿನಲ್ಲಿಟ್ಟು ತೆಗೆದರೆ ಸಾಕು. ತೂಕ, ಬೆಲೆ, ಮಾಡಿದ ದಿನ, ಅಂಚೆ ವೆಚ್ಚ ಇವನ್ನು ಮುಚ್ಚಿಡಬಾರದು. ಬೆಲೆ ಕೇಳಲು ಸಂಕೋಚಪಡುವ ಗಿರಾಕಿ ಮಾತಿಲ್ಲದೆ ಮುಂದಿನ ಅಂಗಡಿಗೆ ಹೋಗುತ್ತಾನೆ. ತಿಂಡಿ ತಿನಿಸು ಮಾರುವವರು ಮನೆಯಲ್ಲೇ ಮಾಡಿದರೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಪಡೆದು ಅದರ 14 ಅಂಕೆಯ ಸಂಖ್ಯೆಯನ್ನು ಪೊಟ್ಟಣದ ಮೇಲೆ ಹಾಕಬೇಕು. ವಾಟ್ಸಾಪಿನ ಸ್ಟೇಟಸ್ 24 ಗಂಟೆಗಳಲ್ಲಿ ಮಾಯವಾಗುತ್ತದೆ. ಆದುದರಿಂದ ಒಂದೇ ದಿನ ಹತ್ತು ಹಾಕಿ ವಾರವಿಡೀ ಸುಮ್ಮನಿರುವುದಕ್ಕಿಂತ ವಾರಕ್ಕೆರಡು ತಪ್ಪದೆ ಹಾಕುವುದು ಮೇಲು. 2018ರಿಂದ ಸಣ್ಣ ವ್ಯಾಪಾರಿಗಳಿಗೆಂದೇ ಇರುವ ವಾಟ್ಸಾಪ್ ಬಿಸಿನೆಸ್ಸಿನಲ್ಲಿ ಸರಕಿನ ಪಟ್ಟಿಯನ್ನು ಬೆಲೆಸಹಿತ ಇಡಬಹುದು. ಅದಕ್ಕೆ ಹಣ ಕೊಡಬೇಕಾಗಿಲ್ಲ. ಕೇಳದೆ ಕಂಡವರನ್ನೆಲ್ಲ ಗುಂಪಿಗೆ ಸೇರಿಸುವುದು ಮಾತ್ರ ಬೇಡ. ಅದು ದಾರಿಹೋಕನ ಕೈಹಿಡಿದೆಳೆದಂತೆ.

ಎರಡು ಎಚ್ಚರಿಕೆಗಳನ್ನು ಹೇಳದಿದ್ದರೆ ತಪ್ಪಾದೀತು. ಹಣ ಪಡೆಯುವುದಕ್ಕೆ ರಹಸ್ಯ ಸಂಖ್ಯೆ ಒತ್ತಬೇಕಾಗಿಲ್ಲ. ಒತ್ತಿರೆಂದು ಯಾರಾದರೂ ಹೇಳಿದರೆ ಅದು ಮೋಸ. ಮೋಸ ಹೋದವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಎರಡನೆಯದಾಗಿ, ಜಾಲತಾಣವೆಂಬುದು ಪರರ ಜಗಲಿ. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಅದನ್ನೇ ನಂಬಿದ್ದವರ ಜಗಲಿ ಹೋಯಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಮ್ ಮೂರೂ ಸುಮಾರು ಆರು ಗಂಟೆ ಸ್ತಬ್ಧವಾದವು. ಗಿರಾಕಿಗಳ ಹೆಸರು, ದೂರವಾಣಿ ಸಂಖ್ಯೆ, ವಿಳಾಸಗಳು ಒಂದು ಪುಸ್ತಕದಲ್ಲಿ ನಮ್ಮ ಕೈಬರಹದಲ್ಲೇ ಇದ್ದರೆ ಅದನ್ನು ಯಾರೂ ಮುಚ್ಚಲಾರರು.

ನಮ್ಮ ಶಿಷ್ಯೆ ಈಗ ಕನ್ನಡದಲ್ಲಿ ಬರೆಯುತ್ತಿದ್ದಾಳೆ. ಕೆಳಗೊಂದು ಸಾಲು ತೆಲುಗು. ದೊಡ್ಡ ಲಾಭವೇನೂ ಆಗಿಲ್ಲ. ಪಾವಗಡದ ಎರಡು ಮನೆ, ಬಳ್ಳಾರಿಯ ಒಂದು ಅಂಗಡಿ ತಿಂಗಳು ತಿಂಗಳು ತರಿಸಿಕೊಳ್ಳುತ್ತಿವೆಯಂತೆ. ಆದರೆ ಮೊನ್ನೆ ಫೋನಿನಲ್ಲಿ ಆಕೆ ಹೇಳಿದ್ದು ಬೇರೆ ವಿಷಯ: ಒತ್ತಕ್ಷರ ತಪ್ಪಾಗದಂತೆ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆಯುತ್ತಾಳಂತೆ. ಮನೆಯಲ್ಲಿ ಕನ್ನಡ ಬರೆಯುವ ಕೆಲಸವೊಂದು ಆ ಮಗುವಿಗೆ ಸಿಕ್ಕಿದೆ.

ಕುಂಬಳೆ, ಬದಿಯಡ್ಕ, ಮಂಜೇಶ್ವರಗಳ ನಮ್ಮ ಮನೆಗಳಲ್ಲೂ ಹಲಸಿನ ಹಪ್ಪಳವಿದೆ, ಬಾಳಕವಿದೆ, ಅಡಿಕೆ ಹಾಳೆಯ ತಟ್ಟೆಯಿದೆ. ಮಂಗಳೂರಿನಲ್ಲಿ, ಮುಂಬಯಿಯಲ್ಲಿ, ಕೊಲ್ಲಿ ದೇಶಗಳಲ್ಲಿ ಅವನ್ನು ಬಯಸುವವರಿದ್ದಾರೆ. ಅವರನ್ನು ಕರೆಯುವ ಭಾಷೆಯೂ ನಮ್ಮಲ್ಲಿದೆ. ಆದರೂ ಪ್ರತಿವರ್ಷ ಜೂನ್ ತಿಂಗಳಲ್ಲಿ ಮಗುವನ್ನು ಶಾಲೆಗೆ ಸೇರಿಸಲು ಬರುವ ತಂದೆತಾಯಂದಿರು, ಕನ್ನಡ ಮಾಧ್ಯಮ ಹೊಟ್ಟೆಗೆ ಹಿಟ್ಟಿಲ್ಲದವನ ಜುಟ್ಟಿನ ಮಲ್ಲಿಗೆಯಲ್ಲವೇ ಎಂದು ನಮ್ಮನ್ನು ಕೇಳುತ್ತಾರೆ. ಭಾಷಣದಿಂದ ಅವರಿಗೆ ಸಮಾಧಾನ ಹೇಳಲು ನಮಗೆ ಸಾಧ್ಯವಾಗಿಲ್ಲ. ಕನ್ನಡದಲ್ಲಿ ಬರೆದ ಒಂದು ಸಾಲಿನಿಂದ ಮನೆಗೆ ಸೇರು ಅಕ್ಕಿ ಬಂದರೆ ಅದೇ ಅವರಿಗೆ ಉತ್ತರವಾದೀತು. ಆ ಸಾಲನ್ನು ಬರೆಯುವುದಕ್ಕೆ ಸರಕಾರದ ಆಜ್ಞೆಗಾಗಿ ಕಾಯಬೇಕಾಗಿಲ್ಲ. ಇಂದು ಸಂಜೆಯೇ ಬರೆಯಬಹುದು.